ನೂರ ಹದಿನೇಳು ಜನರ ಒಂದೇ ಕಾರಣ

ಬೆಳಗಿನ ಹತ್ತೂವರೆಯ ವಾಚನಾಲಯ. ಉದ್ದನೆಯ ಮೇಜಿನ ಮೇಲೆ ಇನ್ನೂ ಮಡಿಕೆ ಬಿಚ್ಚದ ನಾಲ್ಕು ಪತ್ರಿಕೆಗಳು. ಫ್ಯಾನಿನ ಗಾಳಿಗೆ ಹಾರದಿರಲೆಂದು ಅವುಗಳ ಮೇಲಿಟ್ಟ ಕಬ್ಬಿಣದ ತುಂಡುಗಳು. ಕಿಟಕಿಯಿಂದ ಬಿದ್ದ ಬಿಸಿಲು ನೆಲದ ಮೇಲೆ ಚೌಕವಾಗಿ ಹರಡಿ, ಒಂದು ಕುರ್ಚಿಯ ಒಂದೇ ಕಾಲನ್ನು ತನ್ನೊಳಕ್ಕೆ ಸೇರಿಸಿಕೊಂಡಿದೆ. ಕಿಟಕಿಯ ಬಳಿ ಗ್ರಂಥಪಾಲಕಿ ನಿಂತಿದ್ದಾರೆ. ಕನ್ನಡಕ ತೆಗೆದು, ಹಳದಿ ಬಟ್ಟೆಯ ತುಣುಕೊಂದರಿಂದ ಮೊದಲು ಎಡಗಾಜನ್ನು, ಆಮೇಲೆ ಬಲಗಾಜನ್ನು ಒರೆಸುತ್ತಾರೆ. ಒರೆಸಿದ್ದನ್ನು ಬೆಳಕಿಗೆ ಹಿಡಿಯುತ್ತಾರೆ. ಆ ಅರ್ಧ ನಿಮಿಷ ಅವರಿಗೆ ಏನೂ ಸ್ಪಷ್ಟವಾಗಿ ಕಾಣುವುದಿಲ್ಲ. ಆದ್ದರಿಂದಲೇ ಅವರ ಮುಖದಲ್ಲಿ, ಯಾರನ್ನೂ ಗುರುತಿಸಬೇಕಾಗಿಲ್ಲದವರಿಗೆ ಮಾತ್ರ ಇರುವ ಒಂದು ಬಿಡುವು ಇರುತ್ತದೆ.

ಇಷ್ಟೇ ಚಿತ್ರ. ಇದನ್ನು ನಾನು ಹನ್ನೊಂದು ವರ್ಷ ನೋಡಿದ್ದೇನೆ. ಮೂಲೆಯ ಕುರ್ಚಿಯಲ್ಲಿ ಕುಳಿತು, ಹೊಸ ಕವಿತೆಗಳ ಪುಸ್ತಕವೊಂದನ್ನು ಮುಖದ ಎತ್ತರಕ್ಕೆ ಹಿಡಿದು. ಹೊಸ ಕವಿತೆಯಲ್ಲಿ ಒಂದು ಅನುಕೂಲವಿದೆ. ಒಂದೇ ಪುಟವನ್ನು ಮುಕ್ಕಾಲು ಗಂಟೆ ತೆರೆದುಕೊಂಡು ಕೂತರೂ ಯಾರಿಗೂ ಅನುಮಾನ ಬರುವುದಿಲ್ಲ. ಅರ್ಥವಾಗುತ್ತಿಲ್ಲ, ಪಾಪ, ಎಂದುಕೊಂಡು ಮುಂದೆ ಹೋಗುತ್ತಾರೆ.

ನಾನು ಮುದ್ರಣಾಲಯವೊಂದರಲ್ಲಿ ಮೂವತ್ತೆಂಟು ವರ್ಷ ಕರಡು ತಿದ್ದಿದವನು. ಇತರರ ವಾಕ್ಯಗಳಲ್ಲಿ ಬಾಳು ಕಳೆದುದರಿಂದ ನನ್ನದೇ ಆದ ಒಂದು ವಾಕ್ಯವನ್ನು ಯಾರಿಗಾದರೂ ಹೇಳುವ ಸಂದರ್ಭ ಬರಲಿಲ್ಲ, ಮದುವೆಯೂ ಆಗಲಿಲ್ಲ. ಇವೆರಡಕ್ಕೂ ಸಂಬಂಧವಿದೆಯೆಂದು ನನ್ನ ತಂಗಿಯ ಅಭಿಪ್ರಾಯ. ಮೇಲಿನ ಮಹಡಿಯಲ್ಲಿ ತನ್ನ ಮಗಳೊಡನೆ ವಾಸಿಸುವ ಅವಳಿಗೆ ಎಲ್ಲದರ ಬಗೆಗೂ ಒಂದು ಅಭಿಪ್ರಾಯವಿದೆ.

ಹೀಗಿರುವಾಗ, ವಾಚನಾಲಯದ ಕೋಣೆಯನ್ನು ನೀರಿನ ಸಂಪರ್ಕದ ಅರ್ಜಿ ಸ್ವೀಕರಿಸುವ ಕೌಂಟರನ್ನಾಗಿ ಪರಿವರ್ತಿಸುವ ಆಲೋಚನೆ ನಗರಸಭೆಗೆ ಬಂದಿತು. ಓದುಗರಿಗೆ ವಾಚನಾಲಯ ಬೇಕೆನಿಸಿದಲ್ಲಿ, ಏಕೆ ಬೇಕೆಂಬುದನ್ನು ಅರ್ಜಿ ತೆರೆದ ಹತ್ತು ದಿನಗಳೊಳಗೆ ಆನ್‌ಲೈನ್ ಮೂಲಕವೇ ತಿಳಿಸತಕ್ಕದ್ದು ಎಂಬ ಸುತ್ತೋಲೆ ಬಾಗಿಲಿಗೆ ಅಂಟಿತು. ಆನ್‌ಲೈನ್ ಅರ್ಜಿಯನ್ನು ತಯಾರಿಸುವ ಹೊಣೆಯನ್ನು ಓದುಗರ ಸಮಿತಿಗೇ ವಹಿಸಲಾಗಿತ್ತು. ಎಂದರೆ, ನಾವು ಮುಳುಗುತ್ತಿದ್ದೇವೆಂದು ತಿಳಿಸಲು ಬೇಕಾದ ದೋಣಿಯನ್ನು ನಾವೇ ಕಟ್ಟಿಕೊಂಡು ಹೋಗಬೇಕಾಗಿತ್ತು.

ಸಮಿತಿಯ ಅಧ್ಯಕ್ಷರು ಹಲ್ಲಿನ ಡಾಕ್ಟರು. ಬಾಯಿ ತೆರೆದು ಕೂತವರ ಮುಂದೆಯೇ ಜೀವಮಾನವೆಲ್ಲ ಮಾತನಾಡಿದ ಅವರಿಗೆ ಎದುರುತ್ತರ ಕೇಳಿಸಿಕೊಂಡು ಅಭ್ಯಾಸವಿಲ್ಲ. ಸಭೆಯಲ್ಲಿ ಇಪ್ಪತ್ತು ನಿಮಿಷ ಕಂಪ್ಯೂಟರಿನ ಮಹತ್ವವನ್ನು ವಿವರಿಸಿ, ಅದನ್ನು ಬಲ್ಲವರು ನಮ್ಮಲ್ಲಿ ಯಾರೂ ಇಲ್ಲವೆಂಬ ವಿಷಾದದೊಂದಿಗೆ ಅವರು ಮುಗಿಸಿದರು. ವಾಚನಾಲಯ ಮುಚ್ಚಿದರೆ ಪುಸ್ತಕಗಳು ಎಲ್ಲಿಗೆ ಹೋಗುತ್ತವೆ, ಪತ್ರಿಕೆಗಳ ಗತಿಯೇನು, ಮೇಜು ಯಾರದು ಎಂದೆಲ್ಲ ಚರ್ಚೆಯಾಯಿತು. ಗ್ರಂಥಪಾಲಕಿ ಎಲ್ಲಿಗೆ ಹೋಗುತ್ತಾರೆಂದು ಯಾರೂ ಕೇಳಲಿಲ್ಲ. ನನ್ನ ತಲೆಯಲ್ಲಿ ಬೇರೆ ಪ್ರಶ್ನೆಯೇ ಇರಲಿಲ್ಲ. ಆ ಕಳವಳದಲ್ಲಿ ನನ್ನ ಬಾಯಿಂದ, ಮೂರು ದಿನದ ಹಿಂದಷ್ಟೇ ತಂಗಿಯ ಮಗಳಿಂದ ಕೇಳಿದ್ದ ಒಂದು ಮಾತು ಜಾರಿತು: ಇಂಥದ್ದಕ್ಕೆಲ್ಲ ಪಿಎಚ್‌ಪಿಯ ಒಂದು ಫ್ರೇಮ್‌ವರ್ಕ್ ಬಳಸಿದರೆ ಸುಲಭವಾಗುತ್ತದೆ.

ಸಭೆ ನಿಶ್ಶಬ್ದವಾಯಿತು. ಆ ನಿಶ್ಶಬ್ದದಲ್ಲಿ ನಾನು ಅವಿರೋಧವಾಗಿ ಆಯ್ಕೆಯಾದೆ.

ನಿಮಗೆ ಇದೆಲ್ಲ ಬರುತ್ತದೆಯೇ ಎಂದು ಗ್ರಂಥಪಾಲಕಿ ಕೇಳಿದರು. ಹನ್ನೊಂದು ವರ್ಷದಲ್ಲಿ ಪುಸ್ತಕದ ಕಾರ್ಡಿಗೆ ಸಂಬಂಧಿಸದ ಪ್ರಶ್ನೆಯೊಂದನ್ನು ಅವರು ನನಗೆ ಕೇಳಿದ್ದು ಅದೇ ಮೊದಲು. ಸ್ವಲ್ಪ, ಎಂದೆ, ಮಹಾವಿದ್ವಾಂಸರು ಸ್ವಲ್ಪ ಎನ್ನುವ ಧಾಟಿಯಲ್ಲಿ.

ತಂಗಿಯ ಮಗಳು ಔಷಧಿ ಸರಬರಾಜು ಮಾಡುವ ಸಂಸ್ಥೆಯೊಂದಕ್ಕೆ ವೆಬ್‌ಸೈಟುಗಳನ್ನು ಬರೆಯುವವಳು. ಎರಡು ಭಾನುವಾರ ನನ್ನನ್ನು ಎದುರಿಗೆ ಕೂರಿಸಿಕೊಂಡಳು. ಪಿಎಚ್‌ಪಿ ಎಂಬುದು ಕಂಪ್ಯೂಟರಿನ ಒಂದು ಭಾಷೆ; ಅದರಲ್ಲಿ ಪ್ರತಿಯೊಂದು ಹೆಸರಿನ ಮುಂದೆಯೂ ಹಾವಿನ ಆಕಾರದ ಡಾಲರ್ ಗುರುತು ಹಾಕಬೇಕು. ಏಕೆಂದು ಕೇಳಿದಾಗ, ಹಾಗೇ, ಎಂದಳು. ಹೊಸ ಕವಿತೆಯ ಬಗ್ಗೆಯೂ ನಾನು ಜನರಿಗೆ ಇದೇ ಉತ್ತರ ಕೊಟ್ಟಿದ್ದರಿಂದ ಒಪ್ಪಿಕೊಂಡೆ. ಉಳಿದದ್ದನ್ನು ಅವಳು ಅಂಚೆಯ ಉದಾಹರಣೆಯಿಂದ ತಿಳಿಸಿದಳು. ಜನ ಪುಟದಲ್ಲಿ ತಮ್ಮ ಉತ್ತರಗಳನ್ನು ತುಂಬಿ ಬಟನ್ ಒತ್ತಿದೊಡನೆ, ಅವೆಲ್ಲವೂ ಚೀಟಿಗಳಾಗಿ ಒಂದು ಲಕೋಟೆಯಲ್ಲಿ ಸೇರಿ ಬರುತ್ತವೆ. ಪ್ರತಿ ಚೀಟಿಯ ಮೇಲೂ ಅದರ ಹೆಸರಿರುತ್ತದೆ. ಫ್ರೇಮ್‌ವರ್ಕ್ ಎಂಬ ಸಿದ್ಧ ಚೌಕಟ್ಟು ಆ ಲಕೋಟೆಯನ್ನು ಹಿಡಿದು ನಿಂತಿರುತ್ತದೆ. ಇಂಥ ಹೆಸರಿನ ಚೀಟಿ ಕೊಡು ಎಂದು ನಾವು ಕೇಳಿದರೆ ತೆಗೆದು ಕೊಡುತ್ತದೆ. ಕೇಳದ ಚೀಟಿಯನ್ನು ತಾನಾಗಿ ಮುಟ್ಟುವುದಿಲ್ಲ.

ಆ ಹೆಸರಿನ ಚೀಟಿಯೇ ಇಲ್ಲದಿದ್ದರೆ ಏನು ಮಾಡುತ್ತದೆಂದು ಕೇಳಿದೆ.

"ಅದಕ್ಕೇ ಎರಡನೇ ಮಾತೊಂದು ಹೇಳಿರ್ಬೇಕು ಮಾವ. ಸಿಗದಿದ್ರೆ ಇದನ್ನ ಕೊಡು ಅಂತ. ಡೀಫಾಲ್ಟು. ಏನಾದ್ರೂ ಬರೀರಿ, ಖಾಲಿ ಬಿಟ್ಟವರಿಗೆ ಬಟನ್ನೇ ಒತ್ತಕ್ಕಾಗಲ್ಲ. ಅದು ಯಾರ ಕಣ್ಣಿಗೂ ಬೀಳಲ್ಲ."

ಯಾರ ಕಣ್ಣಿಗೂ ಬೀಳದ ಜಾಗ. ಅರವತ್ತೊಂಬತ್ತು ವರ್ಷ ವಯಸ್ಸಾದವನೊಬ್ಬನಿಗೆ ಇಂಥ ಜಾಗವನ್ನು ತೋರಿಸಬಾರದು. ಮರುದಿನ ಮಧ್ಯಾಹ್ನ, ತಂಗಿ ಮೇಲೆ ನಿದ್ದೆ ಮಾಡುತ್ತಿದ್ದಾಗ, ವಾಚನಾಲಯ ನಿಮಗೆ ಏಕೆ ಬೇಕು ಎಂಬ ಪ್ರಶ್ನೆಯ ಉತ್ತರವನ್ನು ಓದಿಕೊಳ್ಳುವ ಸಾಲಿಗೆ ಬಂದೆ. ಚೀಟಿಗೆ 'ಕಾರಣ' ಎಂದು ಹೆಸರಿಟ್ಟಿದ್ದೆ. ಅದು ಸಿಗದಿದ್ದರೆ ಕೊಡಬೇಕಾದ ಎರಡನೆಯ ಮಾತಿನ ಜಾಗದಲ್ಲಿ, ಬಹಳ ಹೊತ್ತೇನೂ ಯೋಚಿಸದೆ, ಹೀಗೆ ಬರೆದೆ: ಓದಲು ಅಲ್ಲ, ಕಿಟಕಿಯ ಬಳಿ ಅವರು ಕನ್ನಡಕ ಒರೆಸಿಕೊಳ್ಳುವುದನ್ನು ನೋಡಲು ಬರುತ್ತೇನೆ.

ಎರಡು ಸಲ ಓದಿದೆ. ತಿದ್ದುವಂಥದ್ದೇನೂ ಕಾಣಲಿಲ್ಲ. ನನ್ನ ವೃತ್ತಿಜೀವನದಲ್ಲಿ ಇದು ಅಪರೂಪ.

ಪರೀಕ್ಷೆಗೆ ನಾಲ್ಕು ಸುಳ್ಳು ಅರ್ಜಿಗಳನ್ನು ತುಂಬಿ ನೋಡಿದೆ. ಎಲ್ಲವೂ ಸರಿಯಾಗಿ ಬಂದವು. ಅಲ್ಲಿಗೆ ನಿಲ್ಲಿಸಬೇಕಾಗಿತ್ತು. ಅರ್ಜಿಯನ್ನು ಜನರಿಗೆ ತೆರೆಯುವ ಬೆಳಿಗ್ಗೆ ಕೊನೆಯ ಬಾರಿ ಪುಟವನ್ನು ನೋಡುತ್ತಿದ್ದಾಗ, ಆ ಚೀಟಿಯ ಹೆಸರು ನನಗೆ ಒಣಕಲಾಗಿ ಕಂಡಿತು. ಕಾರಣ. ನ್ಯಾಯಾಲಯದಲ್ಲಿ ಕೇಳುವಂಥ ಮಾತು. ಒಬ್ಬ ಮನುಷ್ಯ ಬೇಸಗೆಯ ಮಧ್ಯಾಹ್ನ ಒಂದು ಕೋಣೆಗೆ ಏಕೆ ಹೋಗಿ ಕೂರುತ್ತಾನೆಂಬುದಕ್ಕೆ ಈ ಪದ ಸಾಲದು. ಅಳಿಸಿ 'ಹಂಬಲ' ಎಂದು ಮಾಡಿದೆ. ಆ ಹೆಸರು ಅರ್ಜಿ ತುಂಬುವವರಿಗೆ ಕಾಣಿಸುವುದೇ ಇಲ್ಲ. ಅದು ಯಂತ್ರದ ಒಳಗಿನ ಮಾತು. ಆದರೂ ಮಾಡಿದೆ. ಅಚ್ಚಿಗೆ ಹೋಗುವ ಹೊತ್ತಿನಲ್ಲಿ ಪದ ಬದಲಾಯಿಸುವ ಕವಿಗಳನ್ನು ಮೂವತ್ತೆಂಟು ವರ್ಷ ಗದರಿಸಿದವನು ನಾನು.

ಪುಟದಲ್ಲಿ ಬದಲಾಯಿಸಿದೆ. ಓದಿಕೊಳ್ಳುವ ಕಡೆ ಬದಲಾಯಿಸಲಿಲ್ಲ.

ಮುಂದಿನ ಹತ್ತು ದಿನ ನಮ್ಮ ಬೀದಿಗೆ ಒಂದು ಬಗೆಯ ಗಾಂಭೀರ್ಯ ಬಂದಿತ್ತು. ಜನ ತಾವು ಬರೆದುದನ್ನು ನನಗೆ ಹೇಳದೆ ಬಿಡುತ್ತಿರಲಿಲ್ಲ. ಬೇಕರಿಯವರು ಪದಬಂಧ ಬಿಡಿಸಲು ತಮಗೆ ಬೇರೆ ಜಾಗವಿಲ್ಲವೆಂದೂ, ಅಂಗಡಿಯಲ್ಲಿ ಬಿಡಿಸಿದರೆ ಗಿರಾಕಿಗಳು ಉತ್ತರ ಹೇಳಿಬಿಡುತ್ತಾರೆಂದೂ ಬರೆದಿದ್ದರು. ಡಾಕ್ಟರು ನಾಲ್ಕು ಪ್ಯಾರಾ ಬರೆದಿದ್ದರು. ಕಣ್ಣು ಕಾಣದ ಪಿಯಾನೊ ರಿಪೇರಿಯವರು, ಮೂವತ್ತು ಜನ ಒಟ್ಟಿಗೆ ಕೂತು ಮಾತನಾಡದೆ ಇರುವುದನ್ನು ಕೇಳಲು ಊರಿನಲ್ಲಿ ಇನ್ನೊಂದು ಸ್ಥಳವಿಲ್ಲವೆಂದು ಮಗಳಿಂದ ಬರೆಸಿದ್ದರು. ಟೈಲರ್ ಹೆಂಗಸು, ಮನೆಯಲ್ಲಿ ಯಾರೂ ತನ್ನನ್ನು ಸುಮ್ಮನೆ ಕೂರಲು ಬಿಡುವುದಿಲ್ಲ ಎಂದು ಒಂದೇ ಸಾಲು ಬರೆದು, ಬರೆದದ್ದು ಜಾಸ್ತಿಯಾಯಿತೇನೋ ಎಂದು ನನ್ನನ್ನು ಕೇಳಿದಳು.

ಗ್ರಂಥಪಾಲಕಿ ಮಾತ್ರ ದಿನಾ ತಮ್ಮ ಮೇಜಿನ ಕಂಪ್ಯೂಟರಿನಲ್ಲಿ ಆ ಪುಟವನ್ನು ತೆರೆದು, ಏನೋ ಬರೆದು, ಅಳಿಸಿ, ಮುಚ್ಚುತ್ತಿದ್ದರು. ಹತ್ತನೆಯ ದಿನ ನಾನು ಪುಸ್ತಕ ಹಿಂತಿರುಗಿಸಲು ಹೋದಾಗ ತೆರೆಗೆ ಅಡ್ಡವಾಗಿ ಹಾಜರಿ ಪುಸ್ತಕವನ್ನು ಹಿಡಿದರು. ಅಧಿಕಾರಿಗಳ ಬಗ್ಗೆ ದೂರು ಬರೆಯುತ್ತಿರಬೇಕೆಂದು ತಿಳಿದು ನಾನು ಸಭ್ಯತೆಯಿಂದ ಬೇರೆ ಕಡೆ ನೋಡಿದೆ. ನನ್ನ ಸಭ್ಯತೆಯ ಬಗ್ಗೆ ನನಗೆ ಆ ದಿನ ಹೆಮ್ಮೆಯಿತ್ತು.

ಉತ್ತರಗಳನ್ನು ನಾನು ನೋಡುವಂತಿರಲಿಲ್ಲ. ಅರ್ಜಿ ತಯಾರಿಸಿದವರು ನಿಷ್ಪಕ್ಷಪಾತಿಯಾಗಿರಬೇಕೆಂದು ಡಾಕ್ಟರು ನಿಯಮ ಮಾಡಿದ್ದರು: ನಾನು ಅರ್ಜಿ ತುಂಬಕೂಡದು, ಬೇರೆಯವರದನ್ನು ಓದಕೂಡದು, ಎಲ್ಲವೂ ನೇರವಾಗಿ ನಗರಸಭೆಗೆ ಹೋಗತಕ್ಕದ್ದು. ಹೋದವು. ನಗರಸಭೆ, ಪಾರದರ್ಶಕತೆಯ ದೃಷ್ಟಿಯಿಂದ, ಹೆಸರು ಮತ್ತು ಕಾರಣಗಳ ಪೂರ್ಣ ಪಟ್ಟಿಯನ್ನು ಮುದ್ರಿಸಿ ಸೋಮವಾರ ಬೆಳಿಗ್ಗೆ ವಾಚನಾಲಯದ ಸೂಚನಾ ಫಲಕಕ್ಕೆ ಹಚ್ಚಿತು.

ಒಟ್ಟು ನೂರ ಹದಿನೇಳು ಜನ. ಮೊದಲನೆಯ ಹೆಸರು ಹಲ್ಲಿನ ಡಾಕ್ಟರದು. ಓದಲು ಅಲ್ಲ, ಕಿಟಕಿಯ ಬಳಿ ಅವರು ಕನ್ನಡಕ ಒರೆಸಿಕೊಳ್ಳುವುದನ್ನು ನೋಡಲು ಬರುತ್ತೇನೆ. ಒಂಬತ್ತನೆಯದು ಬೇಕರಿಯವರು: ಓದಲು ಅಲ್ಲ. ಇಪ್ಪತ್ತಮೂರು, ಪಿಯಾನೊ ರಿಪೇರಿಯವರು: ನೋಡಲು ಬರುತ್ತೇನೆ. ಟೈಲರ್ ಹೆಂಗಸು, ನಿವೃತ್ತ ಪೊಲೀಸರು, ಗಣಿತದ ಮೇಡಂ, ಒಬ್ಬರ ಕೆಳಗೊಬ್ಬರು, ಕವಾಯತಿಗೆ ನಿಂತವರಂತೆ. ಕೊನೆಯ ಹೆಸರು ಗ್ರಂಥಪಾಲಕಿಯವರದೇ. ಅವರೂ ಕಿಟಕಿಯ ಬಳಿ ಅವರು ಕನ್ನಡಕ ಒರೆಸಿಕೊಳ್ಳುವುದನ್ನು ನೋಡಲು ಬರುತ್ತಿದ್ದರು.

ನನ್ನ ಒಂದು ವಾಕ್ಯ ಅಚ್ಚಾದುದು ಅದೇ ಮೊದಲು. ಒಮ್ಮೆಗೇ ನೂರ ಹದಿನೇಳು ಸಲ.

ಗ್ರಂಥಪಾಲಕಿ ಬಂದರು. ಫಲಕದ ಮುಂದಿದ್ದ ಗುಂಪು ಇಬ್ಭಾಗವಾಗಿ ದಾರಿ ಬಿಟ್ಟಿತು. ಅವರು ಪಟ್ಟಿಯನ್ನು ಮೊದಲಿನಿಂದ ಕೊನೆಯವರೆಗೆ, ಒಂದು ಹೆಸರನ್ನೂ ಬಿಡದೆ, ನಿಧಾನವಾಗಿ ಓದಿದರು. ಆಮೇಲೆ ಒಳಗೆ ಹೋಗಿ ದಿನಪತ್ರಿಕೆಗಳಿಗೆ ಮೊಹರು ಹಾಕತೊಡಗಿದರು. ಹತ್ತೂವರೆಗೆ ಎದ್ದು, ಪುಸ್ತಕದ ಕಪಾಟುಗಳ ಹಿಂದಿನ ಕತ್ತಲೆಗೆ ಹೋಗಿ ಕನ್ನಡಕ ಒರೆಸಿಕೊಂಡು ಬಂದರು. ಕೋಣೆಯಲ್ಲಿದ್ದ ಗಂಡಸರೆಲ್ಲ ಪತ್ರಿಕೆಯನ್ನು ಮುಖಕ್ಕೆ ಅಡ್ಡ ಹಿಡಿದಿದ್ದರು. ಇಬ್ಬರು ತಲೆಕೆಳಗಾಗಿ ಹಿಡಿದಿದ್ದರು.

ಮಂಗಳವಾರ ಬೇಕರಿಯವರ ಹೆಂಡತಿ ಬಂದರು. ಹದಿನಾರು ವರ್ಷದಲ್ಲಿ ಅವರು ವಾಚನಾಲಯದ ಮೆಟ್ಟಿಲು ಹತ್ತಿದವರಲ್ಲ. ಎದುರಿನ ಕುರ್ಚಿಯಲ್ಲಿ ಕೈಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಅರ್ಧ ಗಂಟೆ ಕೂತರು. ಏನು ಬೇಕೆಂದು ಗ್ರಂಥಪಾಲಕಿ ಕೇಳಿದಾಗ, ತೀರ ಶಾಂತವಾಗಿ ಹೇಳಿದರು:

"ಏನಿಲ್ಲಮ್ಮ. ನಮ್ಮನೆಯವರು ಹದಿನಾರು ವರ್ಷ ಅಂಗಡಿ ಬಿಟ್ಟು ಬಂದು ಏನು ನೋಡ್ತಿದ್ರು ಅಂತ ನೋಡೋಣ ಅಂತ ಬಂದೆ. ಒಂದ್ಸಲ ಒರೆಸಿ."

"ಈಗಷ್ಟೇ ಒರೆಸಿದೀನಿ," ಎಂದರು ಗ್ರಂಥಪಾಲಕಿ. "ಚೆನ್ನಾಗಿ ಕಾಣ್ತಾ ಇದೆ."

ಅಂದು ಸಂಜೆ ತುರ್ತು ಸಭೆ ಸೇರಿತು. ತಮ್ಮ ನಾಲ್ಕು ಪ್ಯಾರಾಗಳಲ್ಲಿ ಒಂದು ಅಕ್ಷರವೂ ಪಟ್ಟಿಯಲ್ಲಿಲ್ಲವೆಂದು ಡಾಕ್ಟರು ದುಃಖ ತೋಡಿಕೊಂಡರು. ಅವರ ಹೆಂಡತಿ ಪಟ್ಟಿಯ ಮೊದಲ ಸಾಲನ್ನು ಕತ್ತರಿಸಿ ತಂದು ಊಟದ ಮೇಜಿನ ಗಾಜಿನ ಕೆಳಗೆ ಇಟ್ಟಿದ್ದರಂತೆ. ಹಾಗಿದ್ದೂ ಡಾಕ್ಟರ ಮುಂದಿದ್ದ ಕಷ್ಟ ಬೇರೆಯದು. ತಾವು ಹಾಗೆ ಬರೆಯಲಿಲ್ಲ ಎಂದು ಗಟ್ಟಿಯಾಗಿ ಸಾರಿದರೆ, ನೋಡುವಂಥದ್ದು ನಿಮ್ಮಲ್ಲೇನಿದೆ ಎಂದು ಒಬ್ಬ ಹೆಂಗಸಿನ ಮುಖದ ಮೇಲೆ ಹೇಳಿದಂತಾಗುವುದಿಲ್ಲವೇ? ಮರ್ಯಾದಸ್ಥರಿಗೆ ಅದು ಸಾಧ್ಯವೇ? ನಿವೃತ್ತ ಪೊಲೀಸರು, ಸಾಧ್ಯವಿಲ್ಲ, ಎಂದರು. ತಾವು ತಪ್ಪೊಪ್ಪಿಕೊಳ್ಳುತ್ತಿಲ್ಲ, ಆದರೆ ನಿರಾಕರಿಸುವುದೂ ಇಲ್ಲ ಎಂದು ಹೇಳಿಕೆ ಕೊಟ್ಟರು. ಟೈಲರ್ ಹೆಂಗಸು ಹೊಲಿಗೆಯಿಂದ ತಲೆಯೆತ್ತಿ, ತಾನಂತೂ ಹಾಗೆ ಬರೆದಿಲ್ಲವೆಂದೂ, ಆದರೆ ಈಗ ಯೋಚನೆ ಮಾಡಿದರೆ ತಾನೂ ದಿನಾ ನೋಡಿದ್ದೇನೆಂದೂ, ನೋಡಿದ ಮೇಲೆ ಮನೆಗೆ ಹೋಗಲು ಸ್ವಲ್ಪ ಸಲೀಸಾಗುತ್ತಿತ್ತೆಂದೂ ಹೇಳಿದಳು. ಯಾರೂ ನಗಲಿಲ್ಲ.

ಸಭೆ ಮುಗಿದ ಮೇಲೆ ಪಿಯಾನೊ ರಿಪೇರಿಯವರು ನನ್ನ ತೋಳು ಹಿಡಿದುಕೊಂಡರು.

"ನೀವು ಕರಡು ತಿದ್ದಿದವರು, ಅದಕ್ಕೆ ಕೇಳ್ತಿದೀನಿ. ವಾಕ್ಯ ಚೆನ್ನಾಗಿದೆ, ಇಟ್ಕೋತೀನಿ. ನನ್ನ ಸಾಲಲ್ಲಿ ಮಾತ್ರ ನೋಡಲು ಅನ್ನೋದನ್ನ ಕೇಳಲು ಅಂತ ಮಾಡ್ಸಿ. ಬಟ್ಟೆ ಗಾಜಿನ ಮೇಲೆ ಓಡೋ ಸದ್ದು ನನಗೆ ಕೇಳಿಸುತ್ತೆ."

ಹೀಗೆ ಎರಡು ದಿನಗಳಲ್ಲಿ ಆ ವಾಕ್ಯಕ್ಕೆ ಊರ ತುಂಬ ಒಡೆಯರಾದರು. ಹೊಸ ಕವಿತೆಯ ಯಾವ ಸಾಲಿಗೂ ನಮ್ಮ ಕಾಲದಲ್ಲಿ ಇಂಥ ಭಾಗ್ಯ ಬಂದುದನ್ನು ನಾನು ಕಂಡಿಲ್ಲ. ಅದನ್ನು ತನ್ನದಲ್ಲವೆಂದು ಸಾಧಿಸಬಲ್ಲವನು ಊರಿನಲ್ಲಿ ಒಬ್ಬನೇ ಇದ್ದ. ಅವನ ತಂಗಿ ಮನೆಯಲ್ಲಿ ಕಾದಿದ್ದಳು.

"ಪೂರ್ತಿ ಪಟ್ಟಿ ಎರಡು ಸಲ ಓದಿದೆ ಅಣ್ಣ. ಎಲ್ಲರ ಹೆಸರೂ ಇದೆ, ನಿನ್ನದೊಂದಿಲ್ಲ. ನಮ್ಮ ಮನೆ ಮರ್ಯಾದೆ ಉಳೀತು."

ಅವಳ ಮಗಳು ಕೆಲಸದಿಂದ ಬಂದು ನನ್ನ ಕಂಪ್ಯೂಟರನ್ನು ತೆರೆದಳು. ಹುಡುಕಲು ಎರಡು ನಿಮಿಷವೂ ಹಿಡಿಯಲಿಲ್ಲ. ಪುಟ 'ಹಂಬಲ' ಎಂಬ ಹೆಸರಿನಲ್ಲಿ ಚೀಟಿ ಕಳಿಸುತ್ತಿದೆ. ಒಳಗೆ ಓದಿಕೊಳ್ಳುವ ಸಾಲು 'ಕಾರಣ' ಕೊಡು ಎಂದು ಕೇಳುತ್ತಿದೆ. ಆ ಹೆಸರಿನದು ಲಕೋಟೆಯಲ್ಲಿ ಇಲ್ಲ. ಫ್ರೇಮ್‌ವರ್ಕ್ ಗಲಾಟೆ ಮಾಡಲಿಲ್ಲ. ಹೇಳಿಕೊಟ್ಟಂತೆ ಎರಡನೆಯ ಮಾತನ್ನು ವಿನಯದಿಂದ ಕೊಟ್ಟಿತು, ನೂರ ಹದಿನೇಳು ಬಾರಿಯೂ. ಜನ ನಿಜವಾಗಿ ಬರೆದದ್ದೆಲ್ಲ ಎಲ್ಲಿ ಎಂದು ಕೇಳಿದೆ. ಬಂದವು, ಯಾರೂ ಹೆಸರು ಹಿಡಿದು ಕರೆಯಲಿಲ್ಲ, ಹೋದವು ಎಂದಳು. ಎಲ್ಲಿಯೂ ಉಳಿದಿಲ್ಲ.

ಬೇಕರಿಯ ಪದಬಂಧ, ಮೂವತ್ತು ಜನರ ಮೌನ, ಸುಮ್ಮನೆ ಕೂರಲು ಬಿಡದ ಮನೆ, ಡಾಕ್ಟರ ನಾಲ್ಕು ಪ್ಯಾರಾ. ಹೋದವು.

ಆಮೇಲೆ ಅವಳು ತೆರೆಯ ಮೇಲಿದ್ದ ಆ ಎರಡನೆಯ ಮಾತನ್ನು ಓದಿದಳು. ನನ್ನ ಮುಖ ನೋಡಿದಳು. ಎದ್ದು ಹೋಗಿ ಚಹಾಕ್ಕೆ ನೀರಿಟ್ಟಳು. ನೀರು ಕುದಿದ ಮೇಲೆ ಚಹಾಪುಡಿ ಹಾಕಿದಳು.

"ಪ್ರೋಗ್ರಾಮು ಒಂದು ಪದ ಬದಲಾಯ್ಸಿದ್ರೆ ಸರಿಯಾಗುತ್ತೆ ಮಾವ," ಎಂದಳು ಕೊನೆಗೆ, ಬೆನ್ನು ತಿರುಗಿಸಿಕೊಂಡೇ. "ಇದನ್ನ ನೀವೇ ಹೋಗಿ ಹೇಳ್ಬೇಕು."

ಗುರುವಾರ ನಗರಸಭೆಗೆ ಹೋದೆ. ವಾಚನಾಲಯಗಳ ಅಧಿಕಾರಿ ನಾನು ಹೆಸರು ಹೇಳುವ ಮೊದಲೇ ಎದ್ದು ನಿಂತು ಕುರ್ಚಿ ತೋರಿಸಿದರು. ಅವರ ಕಣ್ಣ ಕೆಳಗೆ ಕಪ್ಪು ಕಟ್ಟಿತ್ತು. ಪಟ್ಟಿಯ ನಲವತ್ತೊಂದನೆಯ ಹೆಸರು ಅವರದು. ಅರ್ಜಿ ಕೆಲಸ ಮಾಡುತ್ತದೆಯೇ ಎಂದು ಪರೀಕ್ಷಿಸಲು, ಕೋಣೆಯಲ್ಲಿ ತೇವವಿದೆ, ಮುಚ್ಚುವುದು ಲೇಸು ಎಂದು ಬರೆದು ತಮ್ಮ ಹೆಸರಿನಲ್ಲಿ ಕಳಿಸಿದ್ದರಂತೆ. ಪಟ್ಟಿಯ ಪ್ರಕಾರ ಈಗ ಅವರೂ ಕನ್ನಡಕ ಒರೆಸುವುದನ್ನು ನೋಡಲು ಬರುವವರಾಗಿದ್ದರು.

ಅವರು ಹೇಳಿದುದರ ಸಾರ ಇಷ್ಟು. ಮೇಲಿನ ಸಾಹೇಬರು ಪಟ್ಟಿಯನ್ನು ನೋಡಿ ಬೆರಗಾಗಿದ್ದಾರೆ. ಸಾರ್ವಜನಿಕರು ಒಂದು ವಿಷಯದಲ್ಲಿ ಇಷ್ಟು ಒಮ್ಮತ ತೋರಿದ ದಾಖಲೆ ನಗರಸಭೆಯ ಇತಿಹಾಸದಲ್ಲೇ ಇಲ್ಲ. ಆದ್ದರಿಂದ ವಾಚನಾಲಯ ಮುಚ್ಚುವುದಿಲ್ಲ. ಆದೇಶ ಆಗಿದೆ, ನೀರಿನ ಕೌಂಟರು ಬೇರೆ ಕಡೆ ಹೋಗುತ್ತದೆ. ಇನ್ನು ನಲವತ್ತೊಂದನೆಯ ಹೆಸರು ಯಾರದೆಂದು ಸಾಹೇಬರು ಕೇಳಿದರು. ತಮಗೂ ಆ ಹೆಂಗಸಿಗೂ ಏನೂ ಸಂಬಂಧವಿಲ್ಲವೆಂದು ತೋರಿಸಲು ಅಂದೇ ಮಧ್ಯಾಹ್ನ ಈ ಅಧಿಕಾರಿ ಗ್ರಂಥಪಾಲಕಿಯ ವರ್ಗಾವಣೆಗೆ ಸಹಿ ಹಾಕಿದರು. ಊರಿನ ಆಚೆ ತುದಿಯ ದಾಖಲೆ ಉಗ್ರಾಣಕ್ಕೆ. ಎರಡು ಬಸ್ಸು ಬದಲಾಯಿಸಬೇಕು, ಕಿಟಕಿಗಳಿಲ್ಲ. ಶನಿವಾರ ವಾಚನಾಲಯದಲ್ಲಿ ಆಕೆಯ ಕೊನೆಯ ದಿನ.

ತಂಗಿಯ ಮಗಳು ಬರೆದುಕೊಟ್ಟಿದ್ದ ಒಂದು ಪುಟದ ವಿವರಣೆಯನ್ನು ಅವರ ಮುಂದಿಟ್ಟೆ. ಎರಡು ಸಲ ಓದಿದ ಅವರ ಮುಖಕ್ಕೆ ಕಳೆ ಬಂತು. ಹಾಗಾದರೆ ಇದು ತಾವು ಬರೆದದ್ದಲ್ಲವೆಂದು ತೋರಿಸಬಹುದಲ್ಲ ಎಂದರು. ಯಂತ್ರದ ತಪ್ಪು ಸರಿ, ಆದರೆ ವಾಕ್ಯ?

"ಈ ವಾಕ್ಯ ಮೊದಲು ಬರೆದವರು ಯಾರು?"

ಅದು ಡೀಫಾಲ್ಟ್, ಎಂದೆ.

"ಕಂಪ್ಯೂಟರು ತಾನಾಗೇ ಕನ್ನಡಕದ ವಿಷಯ ಬರೆಯುತ್ತೇನ್ರೀ?"

ಕೆಲವು ಫ್ರೇಮ್‌ವರ್ಕ್‌ಗಳಲ್ಲಿ ಹಾಗಿರುತ್ತದೆ, ಎಂದೆ. ಇದನ್ನು ಬರೆಯುವಾಗಲೂ ನನ್ನ ಕಿವಿ ಬಿಸಿಯಾಗುತ್ತಿದೆ.

ಅಧಿಕಾರಿ ಮುಂದಕ್ಕೆ ಬಾಗಿ ದನಿ ತಗ್ಗಿಸಿದರು. "ನೋಡಿ ಹಿರಿಯರೇ, ಮಷೀನ್ ಮೇಲೆ ಹಾಕಿದ್ರೆ ಸಾಹೇಬರು ಒಪ್ಪಲ್ಲ. ಒಬ್ಬ ಮನುಷ್ಯನ ಹೆಸರು ಬೇಕು. ಇಂಥವರು ಬರೆದದ್ದು, ಇವರೊಬ್ಬರದೇ ಮಾತು ಅಂತ ಬರವಣಿಗೆಯಲ್ಲಿ ಸಿಕ್ಕಿದ್ರೆ ಆ ವರ್ಗಾವಣೆ ನಾನೇ ಹರಿದು ಹಾಕ್ತೀನಿ. ಆ ಹೆಂಗಸು ಅಲ್ಲೇ ಇರ್ತಾರೆ. ಹೆಸರಿದೆಯಾ?"

ಒಂದು ಕಾಗದವನ್ನು ನನ್ನತ್ತ ಸರಿಸಿದರು. ನಗರಸಭೆಯಲ್ಲಿ ಎಲ್ಲಕ್ಕೂ ಒಂದು ಮುದ್ರಿತ ಕಾಗದವಿರುತ್ತದೆ. ದಿನಾಂಕ, ವಿಷಯ, ಸಂಬಂಧಪಟ್ಟ ವ್ಯಕ್ತಿಯ ಹೆಸರು. ಪೆನ್ನು ತೆಗೆದೆ. ಮೂವರು ಗುಮಾಸ್ತರ ಟೈಪು ಮಾಡುವ ಸದ್ದು ಒಟ್ಟಿಗೆ ನಿಂತಿತು. ಜವಾನ ಫೈಲುಗಳನ್ನು ಎದೆಗವಚಿಕೊಂಡು ನಿಂತಲ್ಲೇ ನಿಂತ. ಪಕ್ಕದ ಕೌಂಟರಿನಲ್ಲಿ ಪರವಾನಗಿ ನವೀಕರಿಸಲು ಬಂದಿದ್ದ ಬೇಕರಿಯವರ ಹೆಂಡತಿ, ತಮ್ಮ ಸರದಿಯನ್ನು ಹಿಂದಿನವರಿಗೆ ಬಿಟ್ಟುಕೊಟ್ಟು, ಕೈಚೀಲವನ್ನು ಹಿಡಿದು ನನ್ನ ಕಡೆ ತಿರುಗಿದರು.

ಹೆಸರಿನ ಮುಂದಿನ ಗೆರೆಯ ಮೇಲೆ ನಾನು ದುಂಡಗಿನ ಅಕ್ಷರಗಳಲ್ಲಿ ಬರೆದೆ: ಅನ್ವಯಿಸುವುದಿಲ್ಲ.

ಅಧಿಕಾರಿ ಕಾಗದವನ್ನು ತಮ್ಮತ್ತ ಎಳೆದುಕೊಂಡು ಓದಿದರು. ನಂತರ ಮೊಹರು ಹಾಕಿದರು.

ಶನಿವಾರ ಸಂಜೆ ಬೀಳ್ಕೊಡುಗೆ. ಡಾಕ್ಟರು ಕಳೆದುಹೋದ ನಾಲ್ಕು ಪ್ಯಾರಾಗಳನ್ನು ನೆನಪಿನಿಂದ ಹೇಳಿದರು, ಅವು ಏಳಾಗಿದ್ದವು. ಬೇಕರಿಯವರು ಕೇಕು ತಂದಿದ್ದರು, ಅವರ ಹೆಂಡತಿಯೇ ಕತ್ತರಿಸಿ ಹಂಚಿದರು. ವಾಚನಾಲಯ ಉಳಿಯಿತೆಂದು ಎಲ್ಲರೂ ನನ್ನ ಕೈ ಕುಲುಕಿದರು. ಫ್ರೇಮ್‌ವರ್ಕ್‌ನ ಶಕ್ತಿ ಎಂದು ನಿವೃತ್ತ ಪೊಲೀಸರು ನಾಲ್ಕು ಜನರಿಗೆ ವಿವರಿಸುತ್ತಿದ್ದರು. ಪಿಯಾನೊ ರಿಪೇರಿಯವರು ಗ್ರಂಥಪಾಲಕಿಯ ಎರಡೂ ಕೈಗಳನ್ನು ಹಿಡಿದುಕೊಂಡು ಏನೋ ಹೇಳಿದರು; ಅದನ್ನು ಕೇಳಿ ಆಕೆ ಮೊದಲ ಬಾರಿ ನಕ್ಕರು. ಆರರ ಹೊತ್ತಿಗೆ ಜನ ಕರಗಿದರು.

ನಾನು ಕುರ್ಚಿಗಳನ್ನು ಸರಿಯಾಗಿ ಜೋಡಿಸುವ ನೆಪದಲ್ಲಿ ಉಳಿದುಕೊಂಡೆ. ನಲವತ್ತು ಕುರ್ಚಿಗಳನ್ನು ಜೋಡಿಸಿ, ಜೋಡಣೆ ಸರಿಯಿಲ್ಲವೆನಿಸಿ, ಇನ್ನೊಮ್ಮೆ ಜೋಡಿಸಿದೆ. ಗ್ರಂಥಪಾಲಕಿ ಮೇಜಿನ ಡ್ರಾಯರಿನಿಂದ ತಮ್ಮ ವಸ್ತುಗಳನ್ನು ತೆಗೆದು ಚೀಲಕ್ಕೆ ಹಾಕಿಕೊಳ್ಳುತ್ತಿದ್ದರು: ಒಂದು ಲೋಟ, ಪೆನ್ಸಿಲ್ ಕೆತ್ತುವ ಯಂತ್ರ, ಅಂಚು ಸವೆದ ಒಂದು ಶಾಲು. ಕೀಲಿಕೈಗಳ ಗೊಂಚಲನ್ನು ಮೇಜಿನ ನಡುವೆ ಇಟ್ಟರು.

"ಒಂದು ಮಾತು ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ," ಎಂದರು. "ಇಷ್ಟು ಜನ ಅದು ತಮ್ಮದು ಅಂತಿದಾರೆ. ಮೊದಲು ಬರೆದವರು ಒಬ್ಬರು ಇರ್ಬೇಕಲ್ಲ. ನಿಮಗೆ ಗೊತ್ತಿರುತ್ತೆ."

ಕೋಣೆಯಲ್ಲಿ ಗುಮಾಸ್ತರಿರಲಿಲ್ಲ, ಬೇಕರಿಯವರ ಹೆಂಡತಿ ಇರಲಿಲ್ಲ, ಸಮಿತಿ ಇರಲಿಲ್ಲ. 'ನಾ' ಮತ್ತು 'ನು', ಎರಡೇ ಅಕ್ಷರ ಹೇಳಬೇಕಾಗಿತ್ತು. ನಾನು ಕೈಯಲ್ಲಿದ್ದ ಕುರ್ಚಿಯ ಬೆನ್ನನ್ನು ಇನ್ನೂ ಸ್ವಲ್ಪ ನೇರ ಮಾಡಿದೆ.

"ಯಾರೂ ಬರೆದಿಲ್ಲ ಮೇಡಂ. ಅದು ಡೀಫಾಲ್ಟು. ಯಾರೂ ಏನೂ ಹೇಳದೆ ಇದ್ದಾಗ ಬರೋ ಮಾತು."

ಅವರು ನಿಧಾನವಾಗಿ ತಲೆಯಾಡಿಸಿದರು. ಅರ್ಥವಾಯಿತೆಂಬಂತೆ, ಅಥವಾ ಅರ್ಥ ಮಾಡಿಕೊಳ್ಳುವುದನ್ನು ಬಿಟ್ಟುಕೊಟ್ಟಂತೆ.

"ಹಾಗಾದ್ರೆ ನಾನು ಬರೆದದ್ದು?"

ಯಾರದೂ ಉಳಿಯಲಿಲ್ಲವೆಂದು ಹೇಳಿದೆ. ಆಮೇಲೆ, ಹನ್ನೊಂದು ವರ್ಷ ತಡವಾಗಿ, ಕೇಳಿದೆ: "ಏನು ಬರೆದಿದ್ರಿ?"

ಅವರು ಚೀಲವನ್ನು ಹೆಗಲಿಗೇರಿಸಿಕೊಂಡರು. ನನ್ನ ಮುಖವನ್ನು ಒಮ್ಮೆ, ಸ್ಪಷ್ಟವಾಗಿ ಕಾಣುವವರಂತೆ ನೋಡಿದರು.

"ಬರೆಯಕ್ಕೆ ಹತ್ತು ದಿನ ತಗೊಂಡೆ," ಎಂದರು. "ಇನ್ನೊಂದ್ಸಲ ಆಗಲ್ಲ. ಬರ್ತೀನಿ."

ಬನ್ನಿ, ಎಂದೆ. ಅವರು ಹೊರಗೆ ಹೆಜ್ಜೆ ಇಟ್ಟರು. ಬಾಗಿಲು ಅವರ ಹಿಂದೆ ಮೆಲ್ಲಗೆ ಬಂದು, ಚೌಕಟ್ಟಿಗೆ ತಾಗಿ, ಮುಚ್ಚಿಕೊಂಡಿತು.